ಅತ್ತೆಯ ದನಿ ಇದ್ದ ಡಿಸ್ಕು

ಗಂಟಲಿನ ಆಪರೇಷನ್ ಆಗಿ ಅತ್ತೆಯ ಮಾತು ನಿಂತದ್ದು ಸೊಸೆ ಈ ಮನೆಗೆ ಬರುವ ಮೊದಲೇ. ಹಾಗಂತ ಅತ್ತೆ ಸುಮ್ಮನಿರುವ ಹೆಂಗಸೆಂದು ಯಾರೂ ತಿಳಿಯಬಾರದು. ಹುಬ್ಬು ಹಾರಿಸಿ, ಚಪ್ಪಾಳೆ ತಟ್ಟಿ, ಪಾತ್ರೆ ಕುಕ್ಕಿ ಮನೆಯನ್ನೆಲ್ಲ ಆಳುತ್ತಿದ್ದರು. ಆ ಬೈಗುಳವೆಲ್ಲ ಸೊಸೆಗೆ ಬಾಯಿಪಾಠವಾಗಿತ್ತು. ಆದರೂ ಅವಳಿಗೊಂದು ಆಸೆ, ಅತ್ತೆಯ ದನಿಯನ್ನು ಒಂದೇ ಒಂದು ಸಲ ಕೇಳಬೇಕು.

ಆ ದನಿ ಉಳಿದದ್ದು ಒಂದೇ ಕಡೆ, ಒಂದು ಹಳೆಯ ಹಾರ್ಡ್ ಡಿಸ್ಕಿನಲ್ಲಿ. ಆಪರೇಷನ್ನಿನ ಹಿಂದಿನ ದಿನ ಮಗ ಅಮ್ಮನನ್ನು ಕೂರಿಸಿ, ಮಾತಾಡಿಸಿ, ರೆಕಾರ್ಡ್ ಮಾಡಿಕೊಂಡಿದ್ದ. ಆಮೇಲೆ ಅದನ್ನು ಕೇಳುವ ಧೈರ್ಯ ಅವನಿಗೇ ಬರಲಿಲ್ಲ. ಡಿಸ್ಕನ್ನು ಬಟ್ಟೆಗಳ ಅಡಿಗೆ ತಳ್ಳಿ, ಹೆಂಡತಿ ಕೇಳಿದಾಗಲೆಲ್ಲ ನಾಳೆ ನಾಳೆ ಎಂದು ಸಾಗಹಾಕುತ್ತಿದ್ದ. ಅತ್ತೆಗೆ ಕಾದು ಕಾದು ಸಾಕಾಯಿತು. ತಾವೇ ಡಿಸ್ಕ್ ಹುಡುಕಿ ತೆಗೆದರು, ತಾವೇ ಅಡಾಪ್ಟರ್ ಸಿಕ್ಕಿಸಿದರು. ಚಟ್ ಎಂದಿತು. ಸುಟ್ಟ ವಾಸನೆ ಬಂತು.

ತಪ್ಪೆಲ್ಲ ಅವರೊಬ್ಬರದೇ ಎನ್ನುವ ಹಾಗಿಲ್ಲ. ಸೊಸೆಯ ಕಸುಬು ರಿಪೇರಿ, ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಯಾವುದಕ್ಕೆ ಯಾವುದೆಂದು ತಡಕಾಡುವ ತಾಪತ್ರಯವೇ ಬೇಡವೆಂದು ಮನೆಯಲ್ಲಿದ್ದ ಅಡಾಪ್ಟರುಗಳಿಗೆಲ್ಲ ಒಂದೇ ಅಳತೆಯ ಪಿನ್ ಬೆಸೆದಿಟ್ಟ ಜಾಣೆ ಅವಳು. ಹೀಗಾಗಿ ಲ್ಯಾಪ್‌ಟಾಪಿನದು ಡಿಸ್ಕಿಗೂ ಸಲೀಸಾಗಿ ಕೂತಿತು. ಹೆಚ್ಚಿನ ವೋಲ್ಟೇಜ್ ನುಗ್ಗಿ, ಡಿಸ್ಕಿನ ಹೊಟ್ಟೆಯ ಮೇಲಿನ ಬೋರ್ಡ್ ಸುಟ್ಟುಹೋಯಿತು. ಅತ್ತೆ ಸಪ್ಪೆ ಮುಖ ಹಾಕಿಕೊಂಡು ಮೂಲೆ ಹಿಡಿದರು. ಅವತ್ತಿಡೀ ಮನೆಯಲ್ಲಿ ಒಂದು ಪಾತ್ರೆಯೂ ಸದ್ದು ಮಾಡಲಿಲ್ಲ, ಸೊಸೆಗೆ ಅದನ್ನು ನೋಡಲಾಗಲಿಲ್ಲ.

ಊರೆಲ್ಲ ಸುತ್ತಿ ಅದೇ ಮಾದರಿಯ ಹಳೆಯ ಡಿಸ್ಕೊಂದನ್ನು ಗಿಟ್ಟಿಸಿಕೊಂಡು ಬಂದಳು. ಅದರ ಬೋರ್ಡ್ ಬಿಚ್ಚಿ ಇದಕ್ಕೆ ಕೂರಿಸಿದಳು. ಡಿಸ್ಕ್ ತಿರುಗಿತು, ಟಿಕ್ ಟಿಕ್ ಎಂದಿತು, ಅಷ್ಟೇ. ಕಂಪ್ಯೂಟರ್ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಸೊಸೆ ಹಣೆ ಚಚ್ಚಿಕೊಂಡಳು. ಬೋರ್ಡುಗಳು ನೋಡಲು ಒಂದೇ ಥರ ಇದ್ದರೂ, ಒಂದೊಂದು ಡಿಸ್ಕಿನ ಒಳಗಿನ ಅಳತೆಗಳು ಅದರದೇ ಬೋರ್ಡಿನ ಒಂದು ಪುಟ್ಟ ಚಿಪ್ಪಿನಲ್ಲಿರುತ್ತವೆ. ಅವಸರದಲ್ಲಿ ಅದನ್ನೇ ಮರೆತಿದ್ದಳು. ಸುಟ್ಟ ಬೋರ್ಡಿನಲ್ಲಿ ಆ ಚಿಪ್ಪಿಗೆ ಏನೂ ಆಗಿರಲಿಲ್ಲ, ಪುಣ್ಯ.

ಬಿಸಿಗಾಳಿ ಊದಿ ಚಿಪ್ಪನ್ನು ಬಿಡಿಸಿ, ಚಿಮಟದಲ್ಲಿ ಎತ್ತಿ, ಕಾಗದದ ಮೇಲೆ ಇಟ್ಟಳು. ಅಕ್ಕಿಕಾಳಿನಷ್ಟು ಇತ್ತು, ಅದಕ್ಕೆ ಎಂಟು ತಂತಿಕಾಲು. ಅವಳು ಬೆವರುವುದನ್ನು ನೋಡಿ ಅತ್ತೆಗೆ ಕರುಳು ಚುರುಕ್ ಎಂದಿತು. ಎದ್ದು ಹೋಗಿ ಫ್ಯಾನ್ ಹಾಕಿದರು.

ಕಾಗದ ಹಾರಿತು. ಚಿಪ್ಪೂ ಹಾರಿತು.

ಸೊಸೆ ಮೇಜಿನ ಕೆಳಗೆ ತೂರಿ ನೆಲವನ್ನು ಅಂಗುಲ ಅಂಗುಲವಾಗಿ ಸವರತೊಡಗಿದಳು. ಅದು ಕಳೆದರೆ ದನಿಯೂ ಕಳೆದ ಹಾಗೆ, ಬೇರೆ ಎಲ್ಲೂ ಸಿಗುವಂಥದ್ದಲ್ಲ. ಅಷ್ಟರಲ್ಲಿ ಯಾರೋ ಜಡೆ ಹಿಡಿದು ಎಳೆದರು.

“ಅತ್ತೆ, ಆಮೇಲೆ ಬೈಯಿರಿ. ಈಗ ಹುಡುಕೋಕೆ ಬಿಡಿ.”

ಅತ್ತೆ ಬಿಡಲಿಲ್ಲ, ಇನ್ನೂ ಜೋರಾಗಿ ಎಳೆದರು. ಸೊಸೆ ಸಿಡುಕುತ್ತ ಹೊರಗೆ ಬಂದರೆ, ಜಡೆಯ ತುದಿಯನ್ನು ಅವಳ ಮೂಗಿನ ಮುಂದೆಯೇ ಹಿಡಿದರು. ಕೂದಲಲ್ಲಿ ಎಂಟೂ ಕಾಲು ಸಿಕ್ಕಿಸಿಕೊಂಡು ಚಿಪ್ಪು ಕೂತಿತ್ತು. ಇಬ್ಬರೂ ನೆಲದ ಮೇಲೆ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು, ಒಬ್ಬಳದು ದೊಡ್ಡ ಗದ್ದಲ, ಇನ್ನೊಬ್ಬರದು ಸದ್ದೇ ಇಲ್ಲದ ನಗು.

ತಂದಿದ್ದ ಬೋರ್ಡಿಗೆ ಆ ಚಿಪ್ಪನ್ನು ಬೆಸೆದು ಡಿಸ್ಕ್ ಜೋಡಿಸಿದಾಗ ಟಿಕ್ ಟಿಕ್ ಇರಲಿಲ್ಲ, ತೆರೆಯ ಮೇಲೆ ಫೈಲುಗಳ ಸಾಲು ಮೂಡಿತು. ಕೆಲಸ ಮುಗಿಸಿ ಆಗಷ್ಟೇ ಬಂದ ಗಂಡ ಬಾಗಿಲಲ್ಲೇ ನಿಂತುಬಿಟ್ಟ. ಸೊಸೆ ಮೊದಲು ಇನ್ನೊಂದು ಡಿಸ್ಕಿಗೆ ಎಲ್ಲವನ್ನೂ ಇಳಿಸಿಕೊಂಡಳು. ಆಮೇಲೆ ಅತ್ತೆಯ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು ರೆಕಾರ್ಡಿಂಗ್ ಹಾಕಿದಳು.

ದಪ್ಪನೆಯ, ತುಸು ಒಡೆದ ದನಿ ಕೋಣೆ ತುಂಬಿತು.

“ಏನೋ ಮಾತಾಡ್ಲಿ? ಹೀಗೆ ಕೂರ್ಸಿ ಮಾತಾಡು ಅಂದ್ರೆ ನಂಗೆಲ್ಲಿ ಬರುತ್ತೆ? ಸರಿ, ಮುಂದೆ ನಿನ್ನ ಕಟ್ಕೊಳ್ಳೋಳಿಗೇ ಹೇಳ್ತೀನಿ. ಕೇಳಮ್ಮ, ಇವನು ಒದ್ದೆ ಟವೆಲ್ ತಂದು ಹಾಸಿಗೆ ಮೇಲೆ ಎಸೀತಾನೆ. ಬೈದು ಬೈದು ನಾನು ಸೋತೆ. ನಾಳೆಯಿಂದ ನಂಗೆ ಬೈಯೋಕಾಗಲ್ಲ. ನನ್ನ ಪಾಲಿಂದೂ ನೀನೇ ಬೈಯಮ್ಮ.”

ಸೊಸೆಯ ಕಣ್ಣಲ್ಲಿ ನೀರು, ಮುಖದ ತುಂಬ ನಗು, ಯಾವುದು ಮೊದಲು ಬಂತೋ ಅವಳಿಗೇ ಗೊತ್ತಾಗಲಿಲ್ಲ. ಅತ್ತೆ ಅವಳ ಬೆನ್ನಿಗೊಂದು ತಟ್ಟಿ, ಮಗನ ಕಡೆ ಹುಬ್ಬು ಹಾರಿಸಿದರು. ಸೊಸೆ ಕಣ್ಣೊರೆಸಿಕೊಂಡು ಎದ್ದು ನಿಂತಳು. ಇಬ್ಬರ ಪಾಲಿನದನ್ನೂ ಸೇರಿಸಿ ಗದರಿದಳು.

“ಟವೆಲ್ ಎಲ್ಲಿದೆ?”