ಉಪ್ಪಿನ ತೋಟಾ

ನಾನು ಬಂದೂಕು ಹಿಡಿದವನಲ್ಲ, ಕಥೆ ಬರೆದು ರೂಢಿಯಿದ್ದವನೂ ಅಲ್ಲ. ಸತ್ತವನ ಮನೆಯವರು ಇನ್ನೂ ಇದ್ದಾರೆ, ಜೈಲು ಕಂಡವರೂ ಇದ್ದಾರೆ. ಅಂಥದ್ದರಲ್ಲಿ ಇದನ್ನು ಹೇಳುವ ಧೈರ್ಯ ಮಾಡಿದ್ದಕ್ಕೆ ಓದುವವರು ಮೊದಲೇ ಕ್ಷಮಿಸಬೇಕು. ಹೇಳುವುದರಲ್ಲಿ ಎಲ್ಲಾದರೂ ತಪ್ಪಿದ್ದರೆ ಅದು ನನ್ನದು, ಇದನ್ನು ನನಗೆ ಹೇಳಿದ ನಬೀಸಾಬನದಲ್ಲ.

ನಬೀಸಾಬ ವಿಜಾಪುರದ ಕಡೆಯವನು. ಮುಂಬಯಿಯ ಬೈಕುಲ್ಲಾದ ಒಂದು ಬಂದೂಕಿನ ಅಂಗಡಿಯಲ್ಲಿ ಇಪ್ಪತ್ತು ವರ್ಷ ರಿಪೇರಿ ಕೆಲಸ ಮಾಡಿದ. ಎಪ್ಪತ್ತೆರಡರಲ್ಲಿ ಶಿಕಾರಿಗೆ ಕಾನೂನಿನ ಕಡಿವಾಣ ಬಿತ್ತು. ಗಿರಾಕಿಗಳು ಒಬ್ಬೊಬ್ಬರಾಗಿ ಕರಗಿದರು, ಮರುವರ್ಷ ಪಾರ್ಸಿ ಮಾಲೀಕರು ಅಂಗಡಿಗೆ ಬೀಗ ಹಾಕಿದರು. ಹೋಗುವಾಗ ಅವನಿಗೆ ಒಂದು ಯಂತ್ರ ಕೊಟ್ಟು ಹೋದರು. ಹಾರಿಸಿದ ಖಾಲಿ ತೋಟಾಗಳನ್ನು, ಎಂದರೆ ಕಾಡತೂಸುಗಳನ್ನು, ಮತ್ತೆ ತುಂಬುವ ವಿಲಾಯತಿ ಯಂತ್ರ ಅದು. ನಬೀಸಾಬ ಅದನ್ನು ಚಾಳಿನ ತನ್ನ ಖೋಲಿಯಲ್ಲಿ, ಅಡುಗೆಕಟ್ಟೆಗೆ ಬೋಲ್ಟು ಹಾಕಿ ಕೂರಿಸಿದ. ಹಿಡಿ ಎಳೆದರೆ ಮದ್ದಿಗೆ ಕಿಡಿ ಕೊಟ್ಟು ಸುಟ್ಟ ಕೇಪು ಉದುರುತ್ತಿತ್ತು. ಮತ್ತೆ ಎಳೆದರೆ ಹೊಸ ಕೇಪು, ಆಮೇಲೆ ಮದ್ದು, ಅದರ ಮೇಲೆ ಬಿಲ್ಲೆ, ಬಿಲ್ಲೆಯ ಮೇಲೆ ಸೀಸದ ಸಣ್ಣ ಗುಂಡುಗಳ ಚರೆ. ಕೊನೆಯ ಎಳೆತಕ್ಕೆ ತೋಟಾದ ಬಾಯಿ ಹೂವಿನ ಮೊಗ್ಗಿನಂತೆ ಮಡಚಿಕೊಳ್ಳುತ್ತಿತ್ತು. ಬಿಲ್ಲೆಗಳನ್ನು ಹೆಂಡತಿ ಜೈತುನಬಿ ಊರಿಂದ ತಂದ ಹಳೆಯ ಕಂಬಳಿಯಲ್ಲಿ ಕತ್ತರಿಸಿ ಕೊಡುತ್ತಿದ್ದಳು. ಈ ಕೆಲಸಕ್ಕೆ ಪರವಾನಗಿ ಬೇಕೆಂಬುದು ಇಬ್ಬರಿಗೂ ಗೊತ್ತಿತ್ತು. ಹೊಟ್ಟೆಗೆ ಅದು ಗೊತ್ತಿರಲಿಲ್ಲ.

ಅವನಿಂದ ತೋಟಾ ಒಯ್ಯುತ್ತಿದ್ದವನು ಬಸವಂತರಾಯ, ಮಾರ್ಕೆಟ್ಟಿನ ಹಿಂದಿನ ಗೋದಾಮುಗಳ ಕಾವಲಿನವರಿಗೆ ಜಮಾದಾರ. ಅವನಿಗೆ ಎರಡು ನಮೂನೆಯವು ಬೇಕಾಗಿದ್ದವು. ಒಂದರಲ್ಲಿ ಚರೆ, ದರೋಡೆ ಬಿದ್ದರೆ ಇರಲಿ ಎಂದು. ಇನ್ನೊಂದರಲ್ಲಿ ಚರೆಯ ಬದಲು ಹರಳುಪ್ಪು. ಗೋಡೆಯ ಸಂದಿಯಿಂದ ನುಗ್ಗಿ ಹಳೆ ಪೆಟ್ಟಿಗೆಯ ಕಟ್ಟಿಗೆ ಎತ್ತುವವರಿಗೆ ದೂರದಿಂದ ಅದನ್ನು ಹೊಡೆದರೆ ಚರ್ಮ ಉರಿದು ಓಡುತ್ತಾರೆ, ಸಾಯುವುದಿಲ್ಲ. ನಳಿಗೆಯಲ್ಲಿ ಯಾವಾಗಲೂ ಉಪ್ಪು, ಜೇಬಿನಲ್ಲಿ ಚರೆ. ಇದು ಜಮಾದಾರನ ಹುಕುಂ. ಗುರುತು ಹತ್ತಲೆಂದು ಜೈತುನಬಿ ಎಲೆಯಡಿಕೆ ಡಬ್ಬಿಯ ಸುಣ್ಣವನ್ನು ಕಿರುಬೆರಳಲ್ಲಿ ತೆಗೆದು ಉಪ್ಪಿನ ತೋಟಾಗಳ ಬಾಯಿಗೆ ಒಂದೊಂದು ಬೊಟ್ಟು ಇಡುತ್ತಿದ್ದಳು. ಮರದ ಹಲಗೆಯ ತೂತುಗಳಲ್ಲಿ ಮುಂದಿನ ಸಾಲು ಉಪ್ಪು, ಹಿಂದಿನ ಸಾಲು ಚರೆ. ಮುಂದಿನ ಸಾಲಿಗೆ ಬೊಟ್ಟು.

ಕಾವಲಿನವರಲ್ಲಿ ಒಬ್ಬ ನಿಂಗಣ್ಣ, ನಬೀಸಾಬನ ಪಕ್ಕದ ಹಳ್ಳಿಯವನು. ಸಿಟ್ಟು ಮೂಗಿನ ತುದಿಯಲ್ಲೇ, ಆದರೆ ಮನಸ್ಸು ಒಳ್ಳೆಯದು. ನಬೀಸಾಬನಿಗೆ ಕಾಕಾ ಎನ್ನುತ್ತಿದ್ದ. ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಮಂಗಳೂರು ಕಡೆಯ ಕೊರಗ ಎಂಬವನಿಗೆ ಹೋಟೆಲಿನಲ್ಲಿ ನಿಂಗಣ್ಣನನ್ನು ಕೆಣಕದಿದ್ದರೆ ಚಹಾ ಇಳಿಯುತ್ತಿರಲಿಲ್ಲ.

"ನಿಂಗಣ್ಣ, ನಿಮ್ಮ ಬಂದೂಕಲ್ಲಿ ಉಪ್ಪು ಉಂಟಲ್ಲ? ಮಾವಿನಮಿಡಿ ನಾನು ತರ್ತೇನೆ ಮಾರಾಯ್ರೆ. ಉಪ್ಪಿನಕಾಯಿ ಹಾಕುವ!"

ಹೋಟೆಲಿಗೆ ಹೋಟೆಲೇ ನಕ್ಕಿತು. ನಬೀಸಾಬನೂ ಅಲ್ಲಿದ್ದ, ಅವನೂ ನಕ್ಕ. ನಿಂಗಣ್ಣ ಗ್ಲಾಸು ಕುಕ್ಕಿ ಎದ್ದ. "ಮಗನ, ಒಂದಿನ ನಿನಗ ಉಪ್ಪಲ್ಲ, ಊಟಾನ ಹಾಕ್ತೀನಿ, ನೋಡಕೋತ ಇರು."

ಹದಿನೈದು ದಿನದ ಮೇಲೆ, ಸಂಜೆ ಬೆಳಕಿರುವಾಗಲೇ, ಕೊರಗ ಕಟ್ಟಿಗೆಗೆಂದು ಗೋಡೆ ಸಂದಿಯಿಂದ ಒಳಗೆ ಬಂದ. ನಿಂಗಣ್ಣ ಹೊಡೆದ. ಕೊರಗ ಓಡಲಿಲ್ಲ. ಎದೆಯೊಳಗೆ ಚರೆ ಹೊಕ್ಕಿತ್ತು, ಚರೆಯ ಹಿಂದೆ ಕಂಬಳಿಯ ಕರೀ ಬಿಲ್ಲೆ.

ನಿಂಗಣ್ಣ ಪೊಲೀಸರ ಮುಂದೆ ಒಂದೇ ಮಾತು ಹಿಡಿದ: ಸುಣ್ಣದ ಬೊಟ್ಟು ಇದ್ದದ್ದನ್ನೇ ನಳಿಗೆಗೆ ಹಾಕಿದ್ದೆ. ಹಾರಿದ ತೋಟಾದ ಬಾಯಿ ಸುಟ್ಟು ಬಿಚ್ಚಿಕೊಂಡಿತ್ತು, ಅದು ಏನೂ ಹೇಳುವಂತಿರಲಿಲ್ಲ. ಮಿಕ್ಕ ತೋಟಾಗಳನ್ನು ಬಿಚ್ಚಿ ನೋಡೋಣವೆಂದರೆ ಬಸವಂತರಾಯ ಹೆದರಿ ಅಷ್ಟನ್ನೂ ಸಮುದ್ರದ ಖಾಡಿಯ ನೀರಿಗೆ ಎಸೆದುಬಿಟ್ಟಿದ್ದ. ಹೋಟೆಲಿನಲ್ಲಿ ಅವನು ಹಾಕಿದ ಊಟದ ಬೆದರಿಕೆಯನ್ನು ಮಾತ್ರ ಹತ್ತು ಜನ ನೆನಪಿಟ್ಟಿದ್ದರು. ಬೇಕೆಂದೇ ಕೊಂದ ಎಂಬ ಕೇಸು ನಿಂತಿತು.

ಸುದ್ದಿ ಬಂದಾಗ ನಬೀಸಾಬನಿಗೆ ಮೊದಲು ನೆನಪಾದದ್ದು ನಳ.

ಆ ತೋಟಾ ತುಂಬಿದ ದಿನ ನಳದ ನೀರು ಅರ್ಧ ತಾಸು ಮೊದಲೇ ಬಂದಿತ್ತು. ಪಕ್ಕದ ಖೋಲಿಯ ರುಕ್ಮಿಣಿಬಾಯಿ "ಪಾಣಿ ಆಲಂ!" ಎಂದು ಕೂಗಿದಳು. ಜೈತುನಬಿ ಹಂಡೆ ಹಿಡಿದು ಓಡಿದಳು. ತುಂಬಿದ ಕೊಡ ಇಡಲು ಕಟ್ಟೆಯ ಮೇಲೆ ಜಾಗ ಬೇಕಿತ್ತು. ನಬೀಸಾಬ ಒಂದು ಕೈಯಲ್ಲಿ ಕೊಡ ಹಿಡಿದು, ಇನ್ನೊಂದರಲ್ಲಿ ತೋಟಾದ ಹಲಗೆಯನ್ನು ಮಂಚಕ್ಕೆ ಸರಿಸಿದ. ಸರಿಸುವಾಗ ಎರಡು ತೋಟಾ ಉರುಳಿ ನೆಲಕ್ಕೆ ಬಿದ್ದವು. ಎತ್ತಿ ಖಾಲಿಯಿದ್ದ ಎರಡು ತೂತಿಗೆ ಸಿಕ್ಕಿಸಿದ. ಮುಂದಿನ ಸಾಲಿನಲ್ಲಿ ಒಂದು ತೂತು, ಹಿಂದಿನ ಸಾಲಿನಲ್ಲಿ ಒಂದು. ಬೊಟ್ಟು ಇನ್ನೂ ಇಟ್ಟಿರಲಿಲ್ಲ.

ಸೀಸ ಭಾರ, ಉಪ್ಪು ಹಗುರ. ಇಪ್ಪತ್ತು ವರ್ಷದ ಕೈಗೆ ಅದು ಗೊತ್ತಾಗಲೇಬೇಕು. ಆದರೆ ಆ ಗಳಿಗೆಯಲ್ಲಿ ಕೈ ತೂಗಿ ನೋಡಿತ್ತೇ? ನೋಡಿತ್ತು ಅನ್ನಿಸುತ್ತಿತ್ತು. ಕೊಡದ ನೀರು ಧೋತರದ ಮೇಲೆ ಚೆಲ್ಲಿದ್ದು ನೆನಪಿತ್ತು, ಕೈಗೆ ಹತ್ತಿದ ಭಾರ ಮಾತ್ರ ನೆನಪಿರಲಿಲ್ಲ. ಈಗ ಎರಡು ಖಾಲಿ ತೋಟಾ ತೆಗೆದು, ಒಂದಕ್ಕೆ ಉಪ್ಪು, ಇನ್ನೊಂದಕ್ಕೆ ಚರೆ ತುಂಬಿ, ಕಣ್ಣು ಮುಚ್ಚಿ ಅಂಗೈಯಲ್ಲಿ ಉರುಳಿಸಿ ನೋಡಿದ. ಪ್ರತಿಸಲವೂ ಸರಿಯಾಗಿ ಹೇಳಿದ. ಅದರಿಂದ ಸಮಾಧಾನವೇನೂ ಆಗಲಿಲ್ಲ.

ನಾಲ್ಕನೆಯ ದಿನ ನಿಂಗಣ್ಣನ ಹೆಂಡತಿ ಹನುಮವ್ವ ಬಂದು ಹೊಸ್ತಿಲ ಹೊರಗೇ ಕೂತಳು.

"ಒಳಗ ಬಾ ಯವ್ವಾ."

"ಒಳಗ ಬರಾಕ ಬಂದಿಲ್ರಿ ಕಾಕಾ. ವಕೀಲ ಹೇಳ್ಯಾನ. ತೋಟಾ ತುಂಬಿದಾಂವ ಬಂದು, ನನ್ನ ಕೈತಪ್ಪು ಅಂದ್ರ ಇಂವ ಫಾಶಿ ತಪ್ಪಿಸಿಕೋತಾನಂತ."

"ಆಗೇತೋ ಇಲ್ಲೋ, ನನಗ ಖಾತ್ರಿ ಇಲ್ಲಲ್ಲ."

"ಆಗಿಲ್ಲ ಅಂತ ಖಾತ್ರಿ ಐತೇನ್ರಿ?"

ಒಳಗಿಂದ ಜೈತುನಬಿ ಮಾತು ಎಸೆದಳು. "ನಕೋ ಜೀ, ಬ್ಯಾಡ! ಅವನ ಬಾಯಿ ಅವನನ್ನ ತಿಂತು. ಊಟಾ ಹಾಕ್ತೀನಿ ಅಂದಾಂವ ಯಾರು, ನೀನಾ? ನೀ ಜೈಲಿಗೆ ಹ್ವಾದ್ರ ನನಗ ಯಾರು ಹಾಕ್ತಾರ ಊಟ?"

"ನನ್ನ ಗಂಡ ಕೆಟ್ಟವ ಅಲ್ಲವ್ವಾ," ಎಂದಳು ಹನುಮವ್ವ.

"ನನ್ನಾಂವ ಕೆಟ್ಟವ ಏನು?"

ಹನುಮವ್ವ ಎದ್ದು ಹೋದಳು. ಆ ರಾತ್ರಿ ಜೈತುನಬಿ ಅಡುಗೆ ಮಾಡಲಿಲ್ಲ. ಬೆಳಗಾಗುತ್ತಲೇ ತಾನಾಗಿ ಹೇಳಿದಳು: "ಬೊಟ್ಟು ಇಟ್ಟಾಕಿ ನಾನು. ಯಾಕ ಒಂದೂ ಎತ್ತಿ ನೋಡಲಿಲ್ಲ ನಾ?"

ಆಗಲೇ ನಬೀಸಾಬ ಅಂಗಿ ತೊಟ್ಟ. ಇದನ್ನು ತಾನು ಹೊರದಿದ್ದರೆ ಅದು ಅವಳ ಮೇಲೆ ಬೀಳುತ್ತದೆ, ಪೊಲೀಸರ ಕಣ್ಣಲ್ಲಲ್ಲ, ಅವಳ ಕಣ್ಣಲ್ಲೇ. ಠಾಣೆಯ ದಾರಿಯುದ್ದಕ್ಕೂ ಬಾಯಲ್ಲಿ ಸಿದ್ಧಮಾಡಿಕೊಂಡದ್ದು ಇಷ್ಟೇ: ಎರಡು ಬಿದ್ದವು, ಎತ್ತಿಟ್ಟೆ, ಮುಂದಿನದು ನನಗೆ ಗೊತ್ತಿಲ್ಲ.

ಇನ್ಸ್‌ಪೆಕ್ಟರು ಕೇಳಿ ಪೆನ್ನು ಕೆಳಗಿಟ್ಟರು. "ಗೊತ್ತಿಲ್ಲ ಅನ್ನೋದನ್ನ ಬರೆಯೋಕೆ ಬರಲ್ಲ, ಮಿಯಾ. ಅದಲುಬದಲು ಆಗಿತ್ತಾ, ಇಲ್ಲವಾ? ಒಂದು ಹೇಳು."

ನಬೀಸಾಬ ಗೋಡೆ ನೋಡಿದ, ತನ್ನ ಅಂಗೈ ನೋಡಿದ.

"ಆಗಿತ್ತು ಸಾಹೇಬ. ನನ್ನ ಕೈಯಾಗ."

ಯಂತ್ರ ಜಪ್ತಿಯಾಯಿತು. ಪರವಾನಗಿಯಿಲ್ಲದ ಕೆಲಸಕ್ಕೂ ಬೇಜವಾಬ್ದಾರಿಗೂ ಸೇರಿ ನಬೀಸಾಬನಿಗೆ ಎರಡು ವರ್ಷ ಬಿತ್ತು. ನಿಂಗಣ್ಣ ಬೇಕೆಂದು ಕೊಂದದ್ದಲ್ಲ ಎಂದು ಕೋರ್ಟು ಒಪ್ಪಿತು, ಅವನು ಎಂಟು ತಿಂಗಳಿಗೇ ಹೊರಬಂದ. ಕೊರಗನ ತಾಯಿ ಕೋರ್ಟಿನ ಮೆಟ್ಟಿಲ ಮೇಲೆ ನಬೀಸಾಬನ ಮುಖಕ್ಕೆ ಮಣ್ಣು ತೂರಿದಳು. ಅವನು ಒರೆಸಿಕೊಳ್ಳಲಿಲ್ಲ.

ನಿಂಗಣ್ಣ ಜೈಲಿನಲ್ಲಿ ಅವನನ್ನು ನೋಡಲು ಒಂದೇ ಸಲ ಬಂದ. ಜಾಳಿಗೆಯ ಆಚೆ ನಿಂತು ಅತ್ತ, "ಕಾಕಾ" ಎಂದ, ಇನ್ನೇನೋ ಹೇಳಲು ಬಾಯಿ ತೆರೆದ.

"ಬ್ಯಾಡೋ," ಎಂದ ನಬೀಸಾಬ. "ಏನೂ ಹೇಳಬ್ಯಾಡ. ನಾ ಇಲ್ಲೆ ಇನ್ನೂ ವರ್ಷದ ಮ್ಯಾಲ ಇರಬೇಕು."

ನಿಂಗಣ್ಣ ಬಾಯಿ ಮುಚ್ಚಿಕೊಂಡ. ಆ ವಾರವೇ ಹೆಂಡತಿಯನ್ನು ಕರೆದುಕೊಂಡು ಊರಿನ ಗಾಡಿ ಹತ್ತಿದ, ಮತ್ತೆ ಮುಂಬಯಿಗೆ ಬರಲಿಲ್ಲ. ಅವನು ಅಂದು ಹೇಳಲಿದ್ದದ್ದು ಉಪಕಾರದ ಮಾತೋ ತಪ್ಪೊಪ್ಪಿಗೆಯೋ, ನಬೀಸಾಬನಿಗೆ ತಿಳಿಯಲಿಲ್ಲ. ಇಷ್ಟು ಬರೆದ ನನಗೂ ತಿಳಿದಿಲ್ಲ.