ಕೊಕ್ಕೆಯ ಕೆಳಗಿನ ಹಳದಿ ಬಟ್ಟೆ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅದು ಅಪ್ಪನಿಂದ ಬಂದದ್ದು. ಗಾಡಿಗಳಿಗೆ ಬಣ್ಣ ಹೊಡೆಯುವುದು ಅವನ ಕಸುಬು. ಹೊಸದಾಗಿ ಬಣ್ಣ ಹೊಡೆದ ಗಾಡಿಯ ಮೇಲೆ ಯಾರಾದರೂ ಬೆರಳಿಟ್ಟರೋ, ಮುಗಿಯಿತು ಅವರ ಕಥೆ.

ಆ ಬೆಳಿಗ್ಗೆ ಅವನ ಶೆಡ್ಡಿನ ಮುಂದೆ ಹೊಳೆಯುತ್ತಿದ್ದದ್ದು ಅವನೇ ಹೊಸದಾಗಿ ಬಣ್ಣ ಹೊಡೆದ ನನ್ನ ಮಾವನ ಪಿಕಪ್. ಅದರ ಹಿಂಬದಿಯಲ್ಲಿ ನಮ್ಮ ಮನೆ ಕೂತಿತ್ತು. ಮನೆಯೆಂದರೆ ತಗಡಿನದೊಂದು ಪೆಟ್ಟಿಗೆ: ಒಳಗೆ ಮಂಚ, ಒಲೆ, ಪಾತ್ರೆಯ ಕಪಾಟು, ಕಿಟಕಿಗೆ ನಾನೇ ಹೊಲಿದ ಪರದೆ. ನನ್ನ ಗಂಡ ಬೆಟ್ಟದಾಚೆ ಹೊಸ ರಸ್ತೆಯ ಅಳತೆ ಕೆಲಸದಲ್ಲಿದ್ದಾನೆ. ಅಲ್ಲಿ ಗಂಡಸರ ಡೇರೆ ಬಿಟ್ಟರೆ ಬೇರೇನೂ ಇಲ್ಲ. ಮದುವೆಯಾದಾಗಿನಿಂದ ನಾವು ಫೋನಿನಲ್ಲೇ ಸಂಸಾರ ಮಾಡಿದ್ದೇವೆ. ಈ ಪೆಟ್ಟಿಗೆ ಒಡೆಯದೆ ಅಲ್ಲಿಗೆ ಮುಟ್ಟಿದರೆ ಜೊತೆಗಿರಬಹುದು, ಇಲ್ಲದಿದ್ದರೆ ಮತ್ತೆ ಫೋನೇ ಗತಿ.

ಪೆಟ್ಟಿಗೆಯನ್ನು ಗಾಡಿಗೆ ಬಿಗಿಯಲು ಮೂಲೆಗೊಂದರಂತೆ ಸರಪಳಿ. ಸರಪಳಿಯ ತುದಿಗೆ ಕೊಕ್ಕೆ, ನಡುವೆ ಬಿಗಿಮಾಡುವ ತಿರುಪು. ಮಾವ ಆಯುಷ್ಯವೆಲ್ಲ ಲಾರಿ ಓಡಿಸಿದವರು, ಇಂಥದ್ದೆಲ್ಲ ಅವರಿಗೆ ನೀರು ಕುಡಿದಷ್ಟು ಸುಲಭ. ಆದರೆ ಅಪ್ಪ ಅಡ್ಡ ನಿಂತ.

"ನನ್ನ ಮಗಳ ಮನೆ ಇದು ಬೀಗರೇ, ನಾನೇ ಕಟ್ತೀನಿ. ನೀವು ಆರಾಮಾಗಿ ಚಾ ಕುಡೀರಿ."

"ಆಯ್ತು ಮಹಾರಾಯ್ರೇ, ನಿಮ್ಮಿಷ್ಟ," ಎಂದು ಮಾವ ನಕ್ಕು ಲೋಟ ಹಿಡಿದರು. ಬೀಗರ ಎದುರು ಅಪ್ಪ ಬೆವರು ಸುರಿಸಿ ತಿರುಪು ತಿರುಗಿಸುವುದನ್ನು ನೋಡಿ ನನಗೂ ಹೆಮ್ಮೆಯೇ ಆಯಿತು.

ಡಾಂಬರು ಮುಗಿದು ಕಲ್ಲುದಾರಿ ಶುರುವಾಯಿತು. ಮೂವರೂ ಮುಂದಿನ ಸೀಟಿನಲ್ಲಿ ಒತ್ತೊತ್ತಾಗಿ ಕೂತಿದ್ದೆವು, ನಾನು ನಡುವೆ. ಸ್ವಲ್ಪ ದೂರ ಕುಲುಕಿಸಿಕೊಂಡು ಹೋದ ಮೇಲೆ ಮಾವ ಗಾಡಿ ನಿಧಾನ ಮಾಡಿದರು.

"ಒಂದ್ಸಲ ಇಳಿದು ಸರಪಳಿ ನೋಡ್ಬಿಡೋಣ. ಕಲ್ಲುದಾರಿಗೆ ಬಿದ್ದ ಮೇಲೆ ಎಂಥಾ ಕಟ್ಟಾದ್ರೂ ಸ್ವಲ್ಪ ಸಡಿಲ ಆಗತ್ತೆ."

ಅಪ್ಪ ಮುಖ ಊದಿಸಿಕೊಂಡು ಕಿಟಕಿಯಾಚೆ ನೋಡಿದ. ಅವನ ಆ ಮುಖ ನನಗೆ ಚೆನ್ನಾಗಿ ಗೊತ್ತು, ಅದನ್ನು ತಡೆದುಕೊಳ್ಳಲು ನನ್ನಿಂದ ಆಗುವುದಿಲ್ಲ.

"ಅಪ್ಪ ಕಟ್ಟಿದ್ದು ಅಂದ್ರೆ ಮುಗೀತು ಮಾವ," ಎಂದೆ. "ಮತ್ತೆ ಇಳಿದು ನೋಡಿದ್ರೆ ಅಪ್ಪನಿಗೆ ಹೇಗನ್ಸತ್ತೆ ಹೇಳಿ? ಹೋಗೋಣ ನಡೀರಿ."

ಮಾವ ನನ್ನನ್ನೊಮ್ಮೆ ನೋಡಿದರು. "ಸರಿಯಮ್ಮಾ," ಎಂದು ಗೇರು ಬದಲಿಸಿದರು.

ಒಣಗಿದ ಹಳ್ಳ ದಾಟಿ ಏರು ಹತ್ತುವಾಗ ಹಿಂದಿನಿಂದ ಧಡಾರೆಂದು ಸದ್ದಾಯಿತು. ಆಮೇಲೆ ಪಾತ್ರೆಗಳೆಲ್ಲ ಒಟ್ಟಿಗೆ ಉರುಳಿದವು. ಗಾಡಿ ಒಂದು ಕಡೆಗೆ ವಾಲಿ ನಿಂತಿತು. ಅಯ್ಯೋ ದೇವರೇ, ನನ್ನ ಮನೆ!

ಇಳಿದು ನೋಡಿದರೆ ಪೆಟ್ಟಿಗೆ ಎಡಕ್ಕೆ ಸರಿದು, ಒಂದು ಮೂಲೆ ಗಾಡಿಯ ಅಂಚಿನಿಂದಾಚೆ ಚಾಚಿಕೊಂಡಿತ್ತು. ನಾನು ಬಾಗಿಲು ಎಳೆದು ಒಳಗೆ ಇಣುಕಿದೆ. ಕಪಾಟು ಬಾಯಿಬಿಟ್ಟಿತ್ತು. ಮಂಚದ ತುಂಬ ಗಾಜಿನ ಚೂರು. ಅಳು, ಸಿಟ್ಟು ಎರಡೂ ಒಟ್ಟಿಗೆ ಉಕ್ಕಿ ಬಂದವು.

ಅಷ್ಟರಲ್ಲಿ ಮಾವ ಎಡಗಡೆಯ ಕೊಕ್ಕೆಗಳ ಹತ್ತಿರ ಬಗ್ಗಿ ಏನೋ ಮಾಡಿ ಎದ್ದು ಬಂದರು. "ನಂದೇ ತಪ್ಪಮ್ಮಾ. ನಿಲ್ಲಿಸಿ ನೋಡ್ಬೇಕಿತ್ತು ನಾನು."

"ಮತ್ತೆ ಯಾಕೆ ನೋಡ್ಲಿಲ್ಲ?" ಎಂದು ಅವರ ಮೇಲೆ ಹರಿಹಾಯ್ದೆ. "ಲಾರಿ ಓಡಿಸ್ತಾನೇ ತಲೆ ನೆರೀತು ಅಂತೀರಲ್ಲ, ಇಷ್ಟೂ ಗೊತ್ತಾಗಲ್ವಾ ನಿಮಗೆ? ಒಂದು ಮನೆ ನೆಟ್ಟಗೆ ಮುಟ್ಟಿಸೋಕಾಗಲ್ವಾ?"

ಬೇಡವೆಂದು ತಡೆದವಳು ನಾನೇ ಅಂತ ಅವರು ಹೇಳಬಹುದಿತ್ತು. ಹೇಳಲಿಲ್ಲ. ಅಪ್ಪ ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತಿದ್ದ. ನಾನು ಬಲಗಡೆಗೆ ಹೋಗಿ ಜೋತುಬಿದ್ದ ಸರಪಳಿಯನ್ನು ಹಿಡಿದು ಎಳೆದೆ.

ಕೊಕ್ಕೆಯ ಕೆಳಗೆ ಹಳದಿ ಬಟ್ಟೆಯಿತ್ತು. ದಪ್ಪಗೆ ಮಡಚಿ ಇಟ್ಟದ್ದು, ಈಗ ಜಜ್ಜಿ ಹಪ್ಪಳವಾಗಿತ್ತು. ನೋಡಿದ ಕೂಡಲೇ ಗೊತ್ತಾಯಿತು, ನಾನು ಚಿಕ್ಕವಳಿದ್ದಾಗ ಹಾಕುತ್ತಿದ್ದ ಫ್ರಾಕಿನದು. ಬಣ್ಣಕ್ಕೆ ಹೊಳಪು ಕೊಡಲು ಅಪ್ಪ ಅದರ ತುಂಡುಗಳನ್ನೇ ಇಟ್ಟುಕೊಂಡಿದ್ದಾನೆ. ಕೊಕ್ಕೆ ತಾಗಿ ಗಾಡಿಯ ಬಣ್ಣ ಗೀರಿಹೋಗಬಾರದು ಅಂತ ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಬಟ್ಟೆ ಇಟ್ಟಿದ್ದಾನೆ ಪುಣ್ಯಾತ್ಮ! ಕಟ್ಟುವಾಗ ಬಿಗಿಯಾಗೇ ಇತ್ತು. ಗಾಡಿ ಕುಲುಕಿ ಬಟ್ಟೆ ಜಜ್ಜಿಹೋದ ಮೇಲೆ ಬಿಗಿ ಎಲ್ಲಿಂದ ಬರಬೇಕು?

ತಲೆಯೆತ್ತಿದೆ. ಮಾವನ ಪ್ಯಾಂಟಿನ ಜೇಬಿನಿಂದಲೂ ಹಳದಿ ಬಟ್ಟೆಯ ಚುಂಗು ಇಣುಕುತ್ತಿತ್ತು. ಎಡಗಡೆಯದನ್ನು ಅವರು ನನಗಿಂತ ಮೊದಲೇ ಕಂಡು ಬಚ್ಚಿಟ್ಟಿದ್ದರು.

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅಪ್ಪನಿಗಾಗಿ ನಾಚಿಕೆಯಾಯಿತು, ನನ್ನ ಬಾಯಿಗಾಗಿ ಅದಕ್ಕಿಂತ ಹೆಚ್ಚು. ಮಾವನ ಮುಖ ನೋಡುವ ಧೈರ್ಯವೇ ಬರಲಿಲ್ಲ.

ಅಪ್ಪ ಬಂದು ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡ. "ಅವರನ್ನ ಯಾಕೆ ಬೈತೀಯ? ಇದು ನನ್ನ ಕೆಲಸ," ಎಂದ. ಅವನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿಯೇ ಇರಲಿಲ್ಲ.

ಜಾಕು ಕೊಟ್ಟು, ಮೂವರೂ ಹೆಗಲು ಹಚ್ಚಿ ಪೆಟ್ಟಿಗೆಯನ್ನು ಜಾಗಕ್ಕೆ ತಳ್ಳಿದೆವು. ಮೂಲೆ ನೆಗ್ಗಿತ್ತು, ಆದರೆ ಎಲ್ಲೂ ಸೀಳಿರಲಿಲ್ಲ. ಅಪ್ಪ ಬಟ್ಟೆಯನ್ನೆಲ್ಲ ಕಿತ್ತೆಸೆದು ಕೊಕ್ಕೆಯನ್ನು ನೇರ ಬಣ್ಣದ ಮೇಲೇ ಹಾಕಿದ. ತಿರುಪು ಬಿಗಿಯಾದಂತೆ ಬಣ್ಣ ಕರಕರನೆ ಎದ್ದು ಬಂತು.

"ಬೀಗರೇ, ಬಣ್ಣ..." ಎಂದರು ಮಾವ.

"ಹಾಳಾಗ್ಲಿ ಬಿಡಿ. ಇನ್ನೊಂದು ಸುತ್ತು ನೀವೇ ತಿರುಗಿಸಿ."

ಮತ್ತೆ ಹೊರಟೆವು. "ತಪ್ಪಾಯ್ತು ಮಾವ" ಎಂದು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡೆ, ಬಾಯಿಬಿಟ್ಟು ಒಮ್ಮೆಯೂ ಹೇಳಲಿಲ್ಲ. ಕಲ್ಲುದಾರಿಯಲ್ಲಿ ಇನ್ನಷ್ಟು ದೂರ ಹೋದ ಮೇಲೆ ಮಾವ ಗಾಡಿ ನಿಧಾನ ಮಾಡಿದರು. ಅಪ್ಪನ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿ, ಹೆದರಿದವರ ಹಾಗೆ ಕೇಳಿದರು:

"ಒಂದ್ಸಲ ನಿಲ್ಲಿಸಿ ನೋಡ್ಲಾ ಅಮ್ಮಾ?"

ಅಷ್ಟು ವರ್ಷ ಲಾರಿ ಓಡಿಸಿದವರು ತಮ್ಮ ಗಾಡಿ ನಿಲ್ಲಿಸಲು ನನ್ನ ಅಪ್ಪಣೆ ಕೇಳುತ್ತಿದ್ದರು.