ಕೊನೆಯ ಅಧ್ಯಾಯದ ಲಕೋಟೆ

ನಮ್ಮ ಪತ್ತೇದಾರಿ ಲೇಖಕರ ಕೂಟದಲ್ಲಿ ಒಂದು ಪದ್ಧತಿಯಿದೆ. ಹೊಸ ಕಾದಂಬರಿಯ ಹಸ್ತಪ್ರತಿಯನ್ನು ಎಲ್ಲರೂ ಮನೆಗೊಯ್ದು ಓದಿಕೊಂಡು ಬರಬೇಕು. ಕೊಲೆಗಾರ ಯಾರೆಂದು ಹೇಳುವ ಕೊನೆಯ ಅಧ್ಯಾಯ ಮಾತ್ರ ಲಕೋಟೆಯಲ್ಲಿರುತ್ತದೆ. ಅದನ್ನು ಸಭೆಯಲ್ಲೇ ಒಡೆಯಬೇಕು. ಒಡೆದಾಗಲೆಲ್ಲ ನಮ್ಮ ಅಧ್ಯಕ್ಷ ಮೂಗು ಮುರಿದು, "ನಂಗೆ ಮೊದಲೇ ಗೊತ್ತಾಗಿತ್ತು" ಎನ್ನುತ್ತಾನೆ. ಆ ಒಂದು ಮಾತು ಕೇಳಿ, ಸಭೆಗೆ ಬರುವ ಪ್ರಕಾಶಕ ನನ್ನ ಎರಡು ಕಾದಂಬರಿಗಳನ್ನು ಮೂಲೆಗೆಸೆದಿದ್ದ.

ಈ ಸಲ ನನ್ನ ಹೊಸ ಕಾದಂಬರಿಯ ಲಕೋಟೆಯನ್ನು ಅಧ್ಯಕ್ಷನ ಕೈಗೇ ಕೊಟ್ಟೆ. ಅವನು ಬಾಯಲ್ಲಿದ್ದ ಬಿಸ್ಕತ್ತು ನುಂಗಿ, ಒಳಗಿದ್ದ ಒಂದೇ ಸಾಲನ್ನು ಗಟ್ಟಿಯಾಗಿ ಓದಿದ: "ಕೊಲೆ ಮಾಡಿದವನು ತೋಟದ ಮಾಲಿ."

"ಅಯ್ಯೋ, ಇದೇನ್ ದೊಡ್ಡ ರಹಸ್ಯಾನಮ್ಮ? ಎರಡನೇ ಅಧ್ಯಾಯದಲ್ಲಿ ಅವನು ಕತ್ತರಿ ಹಿಡ್ಕೊಂಡು ಬಂದಾಗ್ಲೇ ಅಂದ್ಕೊಂಡೆ."

ಮೇಜಿನ ಸುತ್ತ ಕೂತವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಪ್ರಕಾಶಕನೂ ಆಡಿಸಿದ.

"ಮಾಲಿ ಎಲ್ಲಿಂದ ಬಂದ ಸ್ವಾಮಿ?" ಎಂದೆ. "ನನ್ನ ಕಥೆ ಶುರುವಿಂದ ಕೊನೇವರೆಗೂ ನಡೆಯೋದು ನಡುಸಮುದ್ರದಲ್ಲಿ, ಹಡಗಿನ ಮೇಲೆ."